ಮಾರಿಯೊ ಮುಚ್ಚಿಟ್ಟ ಗುಟ್ಟುಗಳು: ಹುಡುಕುವುದು ಹೇಗೆ?

ಬೇಸಿಗೆ ರಜೆಗೆ ದೊಡ್ಡಮ್ಮನ ಮನೆಗೆ ಹೋದರೆ ಅಲ್ಲೊಂದು ಟಿವಿ ಗೇಮ್ ಇರುತ್ತಿತ್ತು. ಕ್ಯಾಸೆಟ್ ಹಾಕಿ ಆಡುವಂಥದ್ದು. ಮಾರಿಯೊ ಆಟದಲ್ಲಿ 1-2ರ, ಅಂದರೆ ಮೊದಲ ವರ್ಲ್ಡ್‌ನ ಎರಡನೇ ಲೆವೆಲ್‌ನ, ಕೊನೆ ಬಂತು ಅನ್ನುವಾಗ ಅಣ್ಣ ತಪ್ಪದೆ ಹೇಳುತ್ತಿದ್ದ: "ಹೋಗಿ ಒಂದು ಲೋಟ ನೀರು ತಗೊಂಡು ಬಾ." ನೀರು ತರುವಷ್ಟರಲ್ಲಿ ಅವನು 4ನೇ ವರ್ಲ್ಡ್‌ನಲ್ಲಿರುತ್ತಿದ್ದ! ಹೇಗೆ ಹೋದೆ ಅಂತ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ನೀರಿಗೆ ಹೋಗುವ ಹಾಗೆ ಮಾಡಿ ಬಾಗಿಲ ಹಿಂದೆ ನಿಂತು ನೋಡಿದೆ. ಮಾರಿಯೊ ನೆಲದ ಮೇಲಿರಲಿಲ್ಲ. ಪಾಯಿಂಟ್ ತೋರಿಸುವ ಅಕ್ಷರಗಳಿರುತ್ತವಲ್ಲ, ಆ ಸಾಲಿನಲ್ಲೇ ಓಡುತ್ತಿದ್ದ.

ಅವತ್ತಿನಿಂದ ಈ ಆಟವನ್ನು ನಾನು ನೋಡುವ ರೀತಿಯೇ ಬದಲಾಯಿತು. ಮುಗಿಸುವುದಕ್ಕಿಂತ ಹುಡುಕುವುದರಲ್ಲೇ ಜಾಸ್ತಿ ಖುಷಿ ಅಂತ ಗೊತ್ತಾಯಿತು. ರಜೆಯಲ್ಲಿ ಮಕ್ಕಳ ಜೊತೆ ಕೂತು ಹಾಗೆ ಹುಡುಕಬೇಕು ಅನ್ನುವವರಿಗಾಗಿ ಈ ಲೇಖನ. ಹಳೆಯ ಟಿವಿ ಗೇಮ್ ಅಟ್ಟದ ಮೇಲೆ ಇನ್ನೂ ಇದ್ದರೆ ಇಳಿಸಿ. ಇಲ್ಲದಿದ್ದರೆ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಸದಸ್ಯತ್ವದಲ್ಲಿ ಇದೇ ಹಳೆಯ ಆಟ ಸಿಗುತ್ತದೆ.

ಮೊದಲು ತಿಳಿದಿರಬೇಕಾದದ್ದು

'ಸೂಪರ್ ಮಾರಿಯೊ ಬ್ರದರ್ಸ್' ಜಪಾನಿನಲ್ಲಿ ಹೊರಬಂದದ್ದು 1985ರ ಸೆಪ್ಟೆಂಬರ್‌ನಲ್ಲಿ. ಮಾಡಿದವರು ಶಿಗೆರು ಮಿಯಾಮೊಟೊ, ತಕಾಶಿ ತೆಝುಕಾ ಮತ್ತು ಅವರ ತಂಡ. 8 ವರ್ಲ್ಡ್, ಒಂದೊಂದರಲ್ಲೂ 4 ಲೆವೆಲ್, ಒಟ್ಟು 32. ಇಷ್ಟೆಲ್ಲ ಕೂತಿರುವುದು 40 ಕಿಲೋಬೈಟ್ ಜಾಗದಲ್ಲಿ. ಇವತ್ತು ಮೊಬೈಲ್‌ನಲ್ಲಿ ತೆಗೆಯುವ ಒಂದು ಫೋಟೊಗೂ ಅಷ್ಟು ಜಾಗ ಸಾಲುವುದಿಲ್ಲ. ಜಾಗ ಉಳಿಸಲು ಅವರು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದರು. ಮುಂದಿನ ಸಲ ಗಮನಿಸಿ ನೋಡಿ. ಕಣ್ಣಿಗೆ ಕಾಣದ ಬ್ಲಾಕ್‌ಗಾದರೆ ಚಿತ್ರವೇ ಬೇಡ. ಅಷ್ಟು ಚಿಕ್ಕ ಆಟ ಇಷ್ಟು ದೊಡ್ಡದು ಅನ್ನಿಸುವುದು ಇಂಥ ಗುಟ್ಟುಗಳಿಂದಲೇ ಅಂತ ನನ್ನ ನಂಬಿಕೆ.

ಎರಡು ವಿಷಯ ನೆನಪಿಡಿ. ಇಲ್ಲಿ ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ. ಎಡಕ್ಕೆ ಹೋಗಿ ಮರೆಯಾದ ಜಾಗಕ್ಕೆ ಮತ್ತೆ ಹೋಗಲು ಆಗುವುದಿಲ್ಲ. ಹಾಗಾಗಿ ಅನುಮಾನ ಬಂದ ಜಾಗವನ್ನು ಅಲ್ಲೇ ನಿಂತು ನೋಡಬೇಕು. ಇನ್ನೊಂದು, ಗಡಿಯಾರ. 400 ಅಂತ ತೋರಿಸಿದರೂ ಅದು 400 ಸೆಕೆಂಡ್ ಅಲ್ಲ. ಒಂದೊಂದು ಎಣಿಕೆಗೆ ಅರ್ಧ ಸೆಕೆಂಡೂ ಇಲ್ಲ. ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ ಮೂರು ನಿಮಿಷ. ಒಂದೇ ಸಲಕ್ಕೆ ಎಲ್ಲ ಹುಡುಕಲು ಹೋಗಬೇಡಿ. ಒಂದು ಸಲ ಪೈಪ್, ಇನ್ನೊಂದು ಸಲ ಇಟ್ಟಿಗೆ, ಹೀಗೆ ಹಂಚಿಕೊಳ್ಳಿ.

ಹಂತ 1: ಪಾಠ ಶುರುವಾಗುವುದು 1-1ರಲ್ಲಿ

1-1 ಸುಲಭ ಅಂತ ಓಡಿ ಮುಗಿಸುವವರೇ ಹೆಚ್ಚು. ಆದರೆ ಇಡೀ ಆಟದಲ್ಲಿ ಬೇಕಾಗುವ ಕಳ್ಳಗಣ್ಣನ್ನು ಕಲಿಸುವುದು ಇದೇ ಲೆವೆಲ್. ಇಲ್ಲಿ ಒಂದು ಗಂಟೆ ಕಳೆದರೂ ನಷ್ಟವಿಲ್ಲ.

ಪೈಪ್‌ಗಳನ್ನು ಎಣಿಸುತ್ತಾ ಹೋಗಿ. ನಾಲ್ಕನೆಯದರ ಮೇಲೆ ಹತ್ತಿ ನಡುವೆ ನಿಂತು ಕೆಳಗಿನ ಬಟನ್ ಒತ್ತಿ. ಮಾರಿಯೊ ಒಳಗೆ ಇಳಿಯುತ್ತಾನೆ. ಅಲ್ಲಿ 19 ನಾಣ್ಯಗಳಿರುವ ಕೋಣೆ ಇದೆ. ಹೊರಗೆ ಬಂದಾಗ ಲೆವೆಲ್‌ನ ಕೊನೆಯ ಹತ್ತಿರ ಇರುತ್ತೀರಿ. ಗುಟ್ಟಿನ ಜೊತೆ ಒಳದಾರಿಯೂ ಸಿಕ್ಕಿತು, ಅಲ್ವಾ? ಆದರೆ ಈ ಒಳದಾರಿ ಹಿಡಿದರೆ ನಡುವಿನ ಗುಟ್ಟುಗಳು ತಪ್ಪಿಹೋಗುತ್ತವೆ. ಮುಂದೆಯೂ ಆಟ ಇದೇ ಆಯ್ಕೆಯನ್ನು ಮತ್ತೆ ಮತ್ತೆ ಮುಂದಿಡುತ್ತದೆ.

ಈಗ ಇನ್ನೊಂದು ಸಲ ಶುರು ಮಾಡಿ. ನಾಲ್ಕನೇ ಪೈಪ್ ಒಳಗೆ ಹೋಗದೆ ದಾಟಿ. ಮುಂದೆ ಮೊದಲ ಹಳ್ಳ ಬರುತ್ತದೆ. ಅದಕ್ಕಿಂತ ಸ್ವಲ್ಪ ಹಿಂದೆ, ಏನೂ ಇಲ್ಲದ ಖಾಲಿ ಜಾಗದಲ್ಲಿ ಮೇಲಕ್ಕೆ ಹಾರುತ್ತಾ ನೋಡಿ. ಟಣ್ ಅಂತ ತಲೆಗೆ ಏನೋ ತಾಗಿ ಬ್ಲಾಕ್ ಒಂದು ಮೂಡುತ್ತದೆ. ಅದರೊಳಗಿಂದ ಹಸಿರು ಅಣಬೆ ಬರುತ್ತದೆ. ಅದು ಒಂದು ಲೈಫ್. ಕೂಡಲೇ ಅದರ ಹಿಂದೆ ಓಡಿ, ಯಾಕೆಂದರೆ ಅದು ಬಲಕ್ಕೆ ಜಾರುತ್ತಾ ಹಳ್ಳಕ್ಕೆ ಬೀಳುತ್ತದೆ. ನಾನು ಎಷ್ಟು ಸಲ ಅದನ್ನು ಹಾಗೆ ಕಳೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಕಾಣದ ಬ್ಲಾಕ್ ಕೆಳಗಿನಿಂದ ತಲೆ ತಾಗಿಸಿದರೆ ಮಾತ್ರ ಮೂಡುತ್ತದೆ. ಪಕ್ಕದಿಂದ ಹೋದರೆ ಅದರೊಳಗೇ ದಾಟಿಹೋಗುತ್ತೀರಿ, ಗೊತ್ತೂ ಆಗುವುದಿಲ್ಲ. ಹಾಗಾಗಿ ಸುಮ್ನೆ ಎಲ್ಲೆಂದರಲ್ಲಿ ಹಾರಿ ದಣಿಯುವ ಬದಲು ಎರಡು ಕಡೆ ಹಾರಿ ನೋಡಿ: ಹಳ್ಳಕ್ಕೆ ಸ್ವಲ್ಪ ಮುಂಚೆ, ಮತ್ತು ಕೈಗೆಟುಕದಷ್ಟು ಎತ್ತರದಲ್ಲಿ ಪೈಪೋ ಇಟ್ಟಿಗೆಯೋ ಕಂಡ ಕಡೆ.

ಇಟ್ಟಿಗೆಗಳ ವಿಷಯದಲ್ಲಿ ಪ್ರಶ್ನೆ ಚಿಹ್ನೆಯ ಬ್ಲಾಕ್‌ಗಳನ್ನಷ್ಟೇ ಗುದ್ದಿ ಹೋಗುವ ಅಭ್ಯಾಸ ಬಿಡಬೇಕು. 1-1ರ ಎರಡನೇ ಹಳ್ಳ ದಾಟಿದ ಮೇಲೆ ಪಕ್ಕಪಕ್ಕದಲ್ಲಿ ಎರಡು ಸಾದಾ ಇಟ್ಟಿಗೆಗಳಿವೆ. ಬಲಗಡೆಯದನ್ನು ಗುದ್ದಿದರೆ ಸ್ಟಾರ್ ಸಿಗುತ್ತದೆ, ಅದನ್ನು ಹಿಡಿದರೆ ಸ್ವಲ್ಪ ಹೊತ್ತು ಶತ್ರುಗಳು ತಾಗಿದರೂ ಏನೂ ಆಗುವುದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಸಿಗುವ ಇನ್ನೊಂದು ಒಂಟಿ ಇಟ್ಟಿಗೆ ಒಂದಾದ ಮೇಲೊಂದು ನಾಣ್ಯ ಕೊಡುತ್ತಾ ಹೋಗುತ್ತದೆ. ಅದಕ್ಕೆ ಸಮಯದ ಮಿತಿ ಇದೆ, ಬೇಗ ಬೇಗ ಗುದ್ದಬೇಕು.

ಹಂತ 2: 1-2ರ ಚಾವಣಿ

ಅಣ್ಣನ ಗುಟ್ಟಿಗೆ ಬಂದೆವು. 1-2 ನೆಲದಡಿಯ ಲೆವೆಲ್. ಮೇಲೆ ಉದ್ದಕ್ಕೂ ಇಟ್ಟಿಗೆಯ ಚಾವಣಿ. ಚಾವಣಿ ಎಂದರೆ ಆಟದ ಗಡಿ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕೊನೆಯ ಹತ್ತಿರ ಮೇಲಕ್ಕೆ ಹೋಗುವ ಲಿಫ್ಟ್‌ಗಳಿವೆ. ಅವು ಹೋಗುವ ಜಾಗದಲ್ಲಿ ಚಾವಣಿ ಇಲ್ಲ. ಸುಳಿವು ಅಷ್ಟೇ! ಲಿಫ್ಟ್ ಮೇಲೆ ನಿಂತು ಎತ್ತರಕ್ಕೆ ಬಂದಾಗ ಬಲಗಡೆಯ ಚಾವಣಿಯ ಮೇಲೆ ಹಾರಿ. ಬಲಕ್ಕೆ ನಡೆಯುತ್ತಾ ಹೋಗಿ. ಕೆಳಗೆ ಹೊರಗೆ ಹೋಗುವ ಪೈಪ್ ಕಾಣಿಸುತ್ತದೆ. ಅದನ್ನೂ ದಾಟಿ ಹೋದರೆ ಮೂರು ಪೈಪ್‌ಗಳಿರುವ ವಾರ್ಪ್ ಝೋನ್ ಬರುತ್ತದೆ. ಎಡದಿಂದ 4, 3, 2. ಯಾವ ಸಂಖ್ಯೆಯ ಪೈಪಿಗೆ ಇಳಿಯುತ್ತೀರೋ ಆ ವರ್ಲ್ಡ್‌ಗೆ ಹೋಗುತ್ತೀರಿ.

ಇದೇ ಜಾಗದಲ್ಲಿ ಇನ್ನೊಂದು ಪ್ರಸಿದ್ಧ ಗುಟ್ಟಿದೆ, ಆದರೆ ಅದು ಆಟ ಮಾಡಿದವರು ಬಚ್ಚಿಟ್ಟದ್ದಲ್ಲ, ಪ್ರೋಗ್ರಾಮಿನ ತಪ್ಪು. ಹೊರಗೆ ಹೋಗುವ ಪೈಪ್ ಪಕ್ಕದ ಗೋಡೆಯೊಳಗೆ ಕೂತು ಹಾರಿ ನುಸುಳಿ, ಸ್ವಾಗತದ ಅಕ್ಷರಗಳು ಮೂಡುವ ಮೊದಲೇ ಮೊದಲ ಪೈಪಿಗೆ ಇಳಿದರೆ '-1' ಅನ್ನುವ ಲೆವೆಲ್ ತೆರೆದುಕೊಳ್ಳುತ್ತದೆ. ನಿಜವಾಗಿ ಅದು 36ನೇ ವರ್ಲ್ಡ್. 36ರ ಜಾಗದಲ್ಲಿ ಖಾಲಿ ಚಿತ್ರ ಇರುವುದರಿಂದ ಅಂಕಿ ಕಾಣಿಸುವುದಿಲ್ಲ. ನೀರಿನ ಲೆವೆಲ್ ಅದು. ಎಷ್ಟು ಈಜಿದರೂ ಕೊನೆಯ ಪೈಪ್ ಮತ್ತೆ ಮೊದಲಿಗೇ ತಂದು ಬಿಡುತ್ತದೆ. ಒಂದು ಸಲ ನೋಡಲು ಚೆನ್ನ. ಆದರೆ ಲೈಫ್‌ಗಳೆಲ್ಲ ಅಲ್ಲೇ ಮುಗಿಯುತ್ತವೆ ಅಂತ ತಿಳಿದೇ ಹೋಗಿ.

ಹಂತ 3: ನಾಣ್ಯ ಬಿಡದೆ ಎತ್ತಿಕೊಳ್ಳಿ

100 ನಾಣ್ಯಕ್ಕೆ ಒಂದು ಲೈಫ್ ಅನ್ನುವುದು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: 1-3ರಲ್ಲಿ ಕನಿಷ್ಠ 21 ನಾಣ್ಯ ಕೂಡಿಸಿ ಮುಗಿಸಿದರೆ ಮಾತ್ರ 2-1ರಲ್ಲಿ ಲೈಫ್ ಕೊಡುವ ಕಾಣದ ಬ್ಲಾಕ್ ಇರುತ್ತದೆ. ಇಲ್ಲದಿದ್ದರೆ ಅಲ್ಲಿ ಎಷ್ಟು ಹಾರಿದರೂ ಸಿಗುವುದಿಲ್ಲ. ಮುಂದಿನ ವರ್ಲ್ಡ್‌ಗಳಲ್ಲೂ ಹೀಗೆಯೇ, ಮೂರನೇ ಲೆವೆಲ್‌ನ ನಾಣ್ಯದ ಮೇಲೆ ಮುಂದಿನ ವರ್ಲ್ಡ್‌ನ ಬ್ಲಾಕ್ ನಿಂತಿದೆ. ಎಷ್ಟು ಬೇಕು ಅನ್ನುವುದು ಮಾತ್ರ ಬೇರೆ ಬೇರೆ. "ಮೊನ್ನೆ ಇಲ್ಲೇ ಇತ್ತು, ಇವತ್ತು ಇಲ್ಲ" ಅಂತ ನಾವು ಜಗಳ ಆಡುತ್ತಿದ್ದೆವು. ಕಾರಣ ಇದಾಗಿತ್ತು.

ಹಂತ 4: ಬಳ್ಳಿ ಹತ್ತಿ

2-1ರಲ್ಲಿ ಒಂದು ಸಾದಾ ಇಟ್ಟಿಗೆ ಗುದ್ದಿದರೆ ಬಳ್ಳಿ ಬೆಳೆದು ಮೇಲಕ್ಕೆ ಹೋಗುತ್ತದೆ. ಹತ್ತಿದರೆ ಮೋಡದ ಮೇಲೆ ನಾಣ್ಯಗಳು. ಬಳ್ಳಿ ಬೆಳೆಯುವಾಗ ಬರುವ ಸದ್ದು ಬೇರೆ ಯಾವುದರಂತೆಯೂ ಇಲ್ಲ, ಕಿವಿಯಲ್ಲಿ ಇಟ್ಟುಕೊಳ್ಳಿ. ಟಿವಿಯ ಸೌಂಡ್ ಬಂದ್ ಮಾಡಿ ಆಡುವವರು ಇದನ್ನು ಕಳೆದುಕೊಳ್ಳುತ್ತಾರೆ.

ಈವರೆಗೆ ಕಲಿತ ಎಲ್ಲವೂ ಒಟ್ಟಿಗೆ ಬೇಕಾಗುವುದು 4-2ರಲ್ಲಿ. ನನಗೆ ಇಡೀ ಆಟದಲ್ಲಿ ಅತಿ ಪ್ರೀತಿಯ ಗುಟ್ಟು ಇದು. ಮೊದಲ ಲಿಫ್ಟ್‌ಗಳನ್ನು ದಾಟಿದ ಮೇಲೆ ಎತ್ತರದಲ್ಲಿ ಮೂರು ಇಟ್ಟಿಗೆ ಕಾಣುತ್ತವೆ. ಅಲ್ಲೇ ನಿಧಾನಿಸಿ ಹಾರಿ ನೋಡಿ, ಕಾಣದ ಬ್ಲಾಕ್‌ಗಳು ಒಂದೊಂದಾಗಿ ಮೂಡುತ್ತವೆ. ಅವನ್ನೇ ಮೆಟ್ಟಿಲು ಮಾಡಿಕೊಂಡು ಇಟ್ಟಿಗೆಗಳನ್ನು ಗುದ್ದಿ. ಒಂದರಿಂದ ಬಳ್ಳಿ ಹೊರಡುತ್ತದೆ. ಅದು ಚಾವಣಿ ದಾಟಿ ಹೊರಗೆ ಕರೆದೊಯ್ದು 8, 7, 6ನೇ ವರ್ಲ್ಡ್‌ಗಳ ಪೈಪ್‌ಗಳಿರುವಲ್ಲಿಗೆ ತಲುಪಿಸುತ್ತದೆ. ಇದೇ ಲೆವೆಲ್‌ನ ಕೊನೆಯಲ್ಲಿ 1-2ರ ಹಾಗೆ ಚಾವಣಿ ಮೇಲೆ ಹೋದರೂ ಒಂದು ವಾರ್ಪ್ ಝೋನ್ ಸಿಗುತ್ತದೆ. ಆದರೆ ಅಲ್ಲಿ ಪೈಪ್ ಒಂದೇ, 5ನೇ ವರ್ಲ್ಡ್‌ಗೆ. ಹಳೆಯ ಉಪಾಯಕ್ಕೆ ಸಣ್ಣ ಬಹುಮಾನ, ಹೊಸದಾಗಿ ಹುಡುಕಿದವರಿಗೆ ದೊಡ್ಡದು. ಎಷ್ಟು ಯೋಚಿಸಿ ಇಟ್ಟಿದ್ದಾರೆ ನೋಡಿ!

ಹಂತ 5: ಲೈಫ್ ಉಳಿಸಿಕೊಳ್ಳುವುದು

ಹುಡುಕಾಟಕ್ಕೆ ಲೈಫ್ ಜಾಸ್ತಿ ಬೇಕು. 3-1ರ ಕೊನೆಯ ಮೆಟ್ಟಿಲುಗಳಲ್ಲಿ ಎರಡು ಆಮೆಗಳು ಇಳಿದು ಬರುತ್ತವೆ. ಮೆಟ್ಟಿಲ ಮೇಲಿರುವಾಗ ಎರಡನೆಯದನ್ನು ಸರಿಯಾಗಿ ತುಳಿದರೆ ಚಿಪ್ಪು ಮೆಟ್ಟಿಲಿಗೆ ಬಡಿದು ವಾಪಸ್ ಬರುತ್ತದೆ, ಮಾರಿಯೊ ಅದರ ಮೇಲೇ ಕುಣಿಯುತ್ತಾ ಒಂದೊಂದೇ ಲೈಫ್ ಗಳಿಸುತ್ತಾನೆ. ಆಸೆ ಮಿತಿಯಲ್ಲಿರಲಿ. ಲೈಫ್ 128 ದಾಟಿದರೆ ಆಟದ ಲೆಕ್ಕ ತಪ್ಪುತ್ತದೆ. ಆಮೇಲೆ ಒಂದು ಸಲ ಸತ್ತರೂ ನೇರ ಗೇಮ್ ಓವರ್.

ಗೇಮ್ ಓವರ್ ಆದರೂ ಸ್ವಿಚ್ ಆಫ್ ಮಾಡಬೇಡಿ. ಮೊದಲ ಪರದೆ ಬಂದಾಗ 'ಎ' ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ. ಸತ್ತ ವರ್ಲ್ಡ್‌ನ ಮೊದಲ ಲೆವೆಲ್‌ನಿಂದಲೇ ಶುರುವಾಗುತ್ತದೆ. ಇದು ಗೊತ್ತಿದ್ದಿದ್ದರೆ ನಮ್ಮ ಬಾಲ್ಯದ ಎಷ್ಟೋ ಸಂಜೆಗಳು ಬೇರೆಯೇ ಆಗಿರುತ್ತಿದ್ದವು.

ಸಣ್ಣದೊಂದು ಖುಷಿ: ಧ್ವಜದ ಕಂಬ ಮುಟ್ಟುವ ಹೊತ್ತಿಗೆ ಗಡಿಯಾರದ ಕೊನೆಯ ಅಂಕಿ 1, 3 ಅಥವಾ 6 ಇದ್ದರೆ ಅಷ್ಟೇ ಸಂಖ್ಯೆಯ ಪಟಾಕಿ ಹಾರುತ್ತದೆ. ಮಕ್ಕಳಿಗೆ ಇದನ್ನು ಹೇಳದೆ ಆಡಲು ಬಿಡಿ. ಯಾವಾಗ ಪಟಾಕಿ, ಯಾವಾಗ ಇಲ್ಲ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಎರಡು ದಿನದಲ್ಲಿ ಅವರೇ ಕಂಡುಹಿಡಿಯುತ್ತಾರೆ. ಅದೇ ನೋಟ್‌ಬುಕ್‌ನಲ್ಲಿ ಲೆವೆಲ್‌ಗೊಂದು ಪುಟ ಇಟ್ಟು, ಒಳಗೆ ಹೋಗಬಹುದಾದ ಪೈಪ್, ನಾಣ್ಯ ಕೊಟ್ಟ ಇಟ್ಟಿಗೆ ಎಲ್ಲ ಗುರುತು ಹಾಕಲಿ.

8-4ರ ಕೋಟೆಗೆ ಬಂದಾಗ ಆ ಅಭ್ಯಾಸ ಕೈಹಿಡಿಯುತ್ತದೆ. ಅಲ್ಲಿ ತಪ್ಪು ದಾರಿ ಹಿಡಿದರೆ ಬಂದ ಜಾಗಕ್ಕೇ ವಾಪಸ್. ಸರಿಯಾದ ಪೈಪ್‌ಗಳಲ್ಲಿ ಒಂದು ಗಾಳಿಯಲ್ಲಿ ತೇಲುತ್ತಿದೆ, ಅದಕ್ಕೆ ಹತ್ತಲು ಕಾಣದ ಬ್ಲಾಕ್ ಬೇಕು. 1-1ರ ಹಳ್ಳದ ಹತ್ತಿರ ಸುಮ್ನೆ ಹಾರಿ ಕಲಿತದ್ದು ಇಲ್ಲಿ ರಾಜಕುಮಾರಿಯನ್ನು ಬಿಡಿಸುವ ದಾರಿಯಾಗುತ್ತದೆ.

ರಾಜಕುಮಾರಿ ಸಿಕ್ಕ ಮೇಲೂ ಮೆಷಿನ್ ಬಂದ್ ಮಾಡಬೇಡಿ. ಈಗ 'ಬಿ' ಬಟನ್ ಒತ್ತಿ ಬೇಕಾದ ವರ್ಲ್ಡ್ ಆರಿಸಿಕೊಳ್ಳಬಹುದು. ನಡೆದು ಬರುತ್ತಿದ್ದ ಗೂಂಬಾಗಳ (ಅಣಬೆಯಂಥ ಕಂದು ಶತ್ರುಗಳ) ಜಾಗದಲ್ಲಿ ಬೆಂಕಿಗೂ ಬಗ್ಗದ ಗಟ್ಟಿ ಚಿಪ್ಪಿನ ಜೀರುಂಡೆಗಳು ಬಂದಿರುತ್ತವೆ. ವಾರ್ಪ್ ಝೋನ್ ಹಿಡಿದು ಹಾರಿ ಬಂದವರು 5, 6, 7ನೇ ವರ್ಲ್ಡ್‌ಗಳನ್ನು ನೋಡಿಯೇ ಇರುವುದಿಲ್ಲ. ನನಗೆ ಆ ಪೈಪ್‌ಗಳನ್ನು ತೋರಿಸಿಕೊಟ್ಟ ಅಣ್ಣನೂ ನೋಡಿರಲಿಲ್ಲ. 5ನೇ ವರ್ಲ್ಡ್ ಆರಿಸಿ 5-3ರವರೆಗೆ ಆಡಿ. 1-3ರದ್ದೇ ನಕ್ಷೆ ಅದು, ಲಿಫ್ಟ್ ಚಿಕ್ಕದಾಗಿವೆ, ಗುಂಡುಗಳು ಹಾರಿ ಬರುತ್ತವೆ. ನೋಟ್‌ಬುಕ್‌ನ ಹಳೆಯ ಪುಟ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ.