ಚಂದಾ ಇಲ್ಲದ ಗ್ರಂಥಾಲಯದಿಂದ ಸಂಶೋಧನಾ ಲೇಖನಗಳನ್ನು ಹುಡುಕಿದ ಬಗೆ

ನಾನು ತಾಲ್ಲೂಕು ಕೇಂದ್ರವೊಂದರ ಖಾಸಗಿ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮ ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರು ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಕುರಿತು ಪಿಎಚ್.ಡಿ. ಅಧ್ಯಯನಕ್ಕೆ ತೊಡಗಿದಾಗ, ತಮಗೆ ಬೇಕಾದ ಹನ್ನೆರಡು ಲೇಖನಗಳ ಪಟ್ಟಿಯನ್ನು ತಂದುಕೊಟ್ಟರು. ಹೆಚ್ಚಿನವುಗಳಲ್ಲಿ ಸಾರಾಂಶವಷ್ಟೇ ತೆರೆಯುತ್ತಿತ್ತು. ಪೂರ್ಣ ಲೇಖನಕ್ಕೆ 30ರಿಂದ 40 ಡಾಲರ್ ಕೇಳುತ್ತಿದ್ದರು. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿದ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಯ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಸುಮಾರು 13,000 ಪತ್ರಿಕೆಗಳನ್ನು ಒಳಗೊಂಡಿದ್ದರೂ, ಅದು ರೂಪುಗೊಂಡಿದ್ದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾಲಯಗಳಿಗೆ. ಆದ್ದರಿಂದ ನಾವು ಬೇರೆ ದಾರಿ ನೋಡಬೇಕಾಯಿತು.

ಮೊದಲು ಪ್ರತಿ ಲೇಖನದ ಡಿಒಐ ಸಂಖ್ಯೆಯನ್ನು (ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ) ಬರೆದುಕೊಂಡು, ಅದನ್ನು ಉಚಿತ ಪ್ರತಿ ಎಲ್ಲಿದೆಯೆಂದು ತೋರಿಸುವ ಅನ್‌ಪೇವಾಲ್‌ನಲ್ಲಿ ಹುಡುಕಿದೆ. ಅಲ್ಲಿ ಸಿಗದಿದ್ದವನ್ನು ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆಯಿಂದ ಹುಡುಕಿ, ಫಲಿತಾಂಶದ ಕೆಳಗೆ ಸಣ್ಣಕ್ಷರದಲ್ಲಿರುವ ಎಲ್ಲ ಆವೃತ್ತಿಗಳ ಕೊಂಡಿಯನ್ನು ತೆರೆದೆ. ಬಹಳ ಮಂದಿ ಗಮನಿಸದ ಈ ಕೊಂಡಿಯಲ್ಲೇ ವಿಶ್ವವಿದ್ಯಾಲಯಗಳ ಆನ್‌ಲೈನ್ ಭಂಡಾರದಲ್ಲಿ ಲೇಖಕರು ಇರಿಸಿದ ಪ್ರತಿಗಳು ಸಿಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಂಥ ಭಂಡಾರವನ್ನು 2002ರಲ್ಲೇ ಆರಂಭಿಸಿತ್ತು. ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ‘ಜರ್ನಲ್ ಆಫ್ ಅರ್ಥ್ ಸಿಸ್ಟಮ್ ಸೈನ್ಸ್’ನ ಒಂದು ಲೇಖನ: ಸಹಪ್ರಕಾಶಕರ ಪುಟದಲ್ಲಿ ಬೆಲೆ ಕಾಣಿಸುತ್ತಿದ್ದ ಅದೇ ಲೇಖನವು, ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನಗಳ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿತ್ತು.

ಸಿಕ್ಕ ಪ್ರತಿ ಯಾವ ಹಂತದ್ದೆಂದು ನೋಡುವುದು ಅಗತ್ಯ. ತಜ್ಞರ ಪರಿಶೀಲನೆಯ ನಂತರ ಅಂಗೀಕೃತವಾದ ಹಸ್ತಪ್ರತಿಯಲ್ಲಿ ವಿಷಯ ಬಹುಪಾಲು ಅಚ್ಚಾದ ಲೇಖನದ್ದೇ. ಪುಟಸಂಖ್ಯೆ, ವಿನ್ಯಾಸಗಳು ಬೇರೆ. ಪರಿಶೀಲನೆಗೆ ಮೊದಲಿನ ಪ್ರತಿಯಾದರೆ ಕೋಷ್ಟಕದ ಅಂಕಿಗಳು ಆಮೇಲೆ ತಿದ್ದಿಹೋಗಿರಬಹುದು. ಅಂಥ ಪ್ರತಿಗಳ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ‘ಪೂರ್ವಪ್ರತಿ’ ಎಂದು ಬರೆದೇ ಅಧ್ಯಾಪಕಿಗೆ ಕೊಟ್ಟೆ.

ಉಳಿದ ಮೂರಕ್ಕೆ ಲೇಖಕರಿಗೇ ಮಿಂಚಂಚೆ ಬರೆಯಿಸಿದೆ. ಸಾರಾಂಶದ ಪುಟದಲ್ಲೇ ಅವರ ವಿಳಾಸವಿರುತ್ತದೆ. ಲೇಖನದ ಹೆಸರು, ವರ್ಷ, ಯಾವ ಅಧ್ಯಯನಕ್ಕೆ ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿದರೆ ಸಾಕು. ಇಬ್ಬರು ಪ್ರತಿ ಕಳಿಸಿದರು, ಅವರಲ್ಲೊಬ್ಬರು ಅಳತೆಯ ಮೂಲ ಕೋಷ್ಟಕವನ್ನೂ ಜೊತೆಗಿಟ್ಟಿದ್ದರು. ಮೂರನೆಯದು ಕೊನೆಗೂ ಸಿಗಲಿಲ್ಲ.

ಓದುಗರ ಕಷ್ಟ ಬಹುಮಟ್ಟಿಗೆ ನೀಗುವುದು ಲೇಖಕರು ಒಂದು ಪ್ರತಿಯನ್ನು ಹೊರಗಿರಿಸಿದಾಗಲೇ ಎಂಬುದು ಈ ಕೆಲಸದಿಂದ ನನಗೆ ಖಚಿತವಾಯಿತು. ಅದಕ್ಕಾಗಿ, ಅಧ್ಯಾಪಕಿಯ ಮೊದಲ ಲೇಖನ ಅಂಗೀಕಾರವಾದ ದಿನವೇ ಅಂತಿಮ ಹಸ್ತಪ್ರತಿಯನ್ನು ಕೇಳಿ ಪಡೆದು, ಪ್ರತಿಯನ್ನು ಹೊರಗಿರಿಸುವ ಬಗ್ಗೆ ಆ ಪತ್ರಿಕೆಯ ನಿಯಮವನ್ನು, ಇಂಥ ನಿಯಮಗಳನ್ನು ಪಟ್ಟಿಮಾಡುವ ಶೆರ್ಪಾ ರೋಮಿಯೋ (ಈಗ ‘ಓಪನ್ ಪಾಲಿಸಿ ಫೈಂಡರ್’) ಜಾಲತಾಣದಲ್ಲಿ ನೋಡಿದೆ. ಪ್ರಕಟಣೆಯಾಗಿ ಹನ್ನೆರಡು ತಿಂಗಳಾದ ಮೇಲೆ ಭಂಡಾರದಲ್ಲಿಡಲು ಅನುಮತಿಯಿತ್ತು. ಆ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು, ಅವಧಿ ಮುಗಿದೊಡನೆ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ ನಡೆಸುವ ಝೆನೋಡೊ ಎಂಬ ಮುಕ್ತ ಭಂಡಾರದಲ್ಲಿ ಸೇರಿಸಿದೆವು. ನೀರಿನ ಮಾದರಿ ಕೊಟ್ಟ ಊರುಗಳ ಪಂಚಾಯಿತಿಗಳಿಗೆಂದು ಅಧ್ಯಾಪಕಿಯೇ ಬರೆದ ಎರಡು ಪುಟಗಳ ಕನ್ನಡ ಸಾರಾಂಶವೂ ಅದರ ಜೊತೆಗಿದೆ.