ಕೆಂಪು ದೀಪ ಸಾಲದು: ಹಳೇ ಮೋಟರ್‌ಹೋಮ್‌ಗೆ ಟೆಂಪರೇಚರ್ ಗೇಜ್ ಹಾಕುವುದು ಹೇಗೆ

ನಮ್ಮ ಮೋಟರ್‌ಹೋಮ್, ಅಂದರೆ ಒಳಗೇ ಮನೆಯಂತೆ ಇರಬಹುದಾದ ಗಾಡಿ, 1970ರ ದಶಕದ್ದು. ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ದೊಡ್ಡ ಪೆಟ್ಟಿಗೆಯಂಥ ಮುಚ್ಚಳದ ಕೆಳಗೆ. ಎಂಜಿನ್ ಬಿಸಿಯಾದರೆ ಹೇಳಲು ಡ್ಯಾಶ್‌ಬೋರ್ಡಿನಲ್ಲಿ ಇದ್ದದ್ದು ಒಂದೇ ಒಂದು ಕೆಂಪು ದೀಪ. ಒಂದು ಉದ್ದನೆಯ ಏರಿನಲ್ಲಿ ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಬಿರಿದು ನೀರೆಲ್ಲ ಸೋರಿಹೋಯಿತು. ಆ ದೀಪ ಹತ್ತಲೇ ಇಲ್ಲ. ಅದರ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ತಾನೇ ಬಿಸಿ ಗೊತ್ತಾಗುವುದು? ನೀರು ಹೋದ ಮೇಲೆ ಅದು ಬರೀ ಗಾಳಿಯಲ್ಲಿ ಕೂತಿತ್ತು. ಸುಟ್ಟ ವಾಸನೆ ಬಂದು ಗಾಡಿ ನಿಲ್ಲಿಸುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿತ್ತು.

ಮುಳ್ಳಿರುವ ಗೇಜ್ ಇದ್ದಿದ್ದರೆ ಮೊದಲು ಮುಳ್ಳು ಏರುವುದು ಕಾಣುತ್ತಿತ್ತು, ಆಮೇಲೆ ಅದು ದಿಢೀರನೆ ಬೀಳುವುದೂ ಕಾಣುತ್ತಿತ್ತು. ಎರಡೂ ಸುದ್ದಿಯೇ. ಅದಕ್ಕೇ ಎಂಜಿನ್ ರಿಪೇರಿ ಮುಗಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಗೇಜ್ ಹಾಕಿದ್ದು.

ಗೇಜ್‌ನಲ್ಲಿ ಎರಡು ಬಗೆ. ಎಲೆಕ್ಟ್ರಿಕ್ ಗೇಜ್‌ಗೆ ಎಂಜಿನ್ನಿನಲ್ಲಿ ಒಂದು ಸೆನ್ಸರ್, ಅಲ್ಲಿಂದ ಡ್ಯಾಶ್‌ಬೋರ್ಡಿಗೆ ಒಂದು ವೈರ್. ಮೆಕ್ಯಾನಿಕಲ್ ಗೇಜ್‌ಗೆ ವೈರ್ ಇಲ್ಲ. ತುದಿಯಲ್ಲಿ ಒಂದು ಲೋಹದ ಬಲ್ಬ್, ಅದರಿಂದ ಗೇಜ್‌ವರೆಗೆ ದಾರದಷ್ಟು ತೆಳುವಾದ ಕೊಳವೆ. ಬಲ್ಬಿನೊಳಗಿನ ದ್ರವ ಬಿಸಿಯಾದಂತೆ ಒತ್ತಡ ಏರುತ್ತದೆ, ಆ ಒತ್ತಡವೇ ಮುಳ್ಳನ್ನು ತಳ್ಳುತ್ತದೆ. ಎಂಜಿನ್ ಹಿಂದಿರುವ ಗಾಡಿಗೆ ಎಲೆಕ್ಟ್ರಿಕ್ ಗೇಜೇ ಸರಿ, ಅಷ್ಟು ದೂರಕ್ಕೆ ಕೊಳವೆ ಎಳೆಯುವುದು ಕಷ್ಟ. ನಮ್ಮದು ಮುಂದಿನ ಎಂಜಿನ್, ವೈರಿಂಗ್ ಬೇರೆ ಹಳೆಯದು. ನಾನು ಮೆಕ್ಯಾನಿಕಲ್ ಆರಿಸಿಕೊಂಡೆ. ಬ್ಯಾಟರಿ ಎಷ್ಟೇ ಸೊರಗಿದರೂ ಅದು ತೋರಿಸುವ ಬಿಸಿ ಬದಲಾಗುವುದಿಲ್ಲ.

ಗಾಡಿಗೆ ಹಾಕುವ ಮೊದಲು ಗೇಜನ್ನು ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡಿ. ಇದನ್ನು ಮಾತ್ರ ಬಿಡಲೇಬೇಡಿ. ನಾನು ಒಲೆಯ ಮೇಲೆ ನೀರಿಟ್ಟು ಬಲ್ಬನ್ನು ಅದರಲ್ಲಿ ಇಳಿಬಿಟ್ಟೆ, ಪಾತ್ರೆಯ ತಳಕ್ಕೆ ತಾಗದಂತೆ. ಪಕ್ಕದಲ್ಲೇ ಒಂದು ಥರ್ಮಾಮೀಟರ್. ಮಗಳು ಥರ್ಮಾಮೀಟರ್ ಓದುತ್ತಾ ಹೋದಳು, ನಾನು ಗೇಜ್ ಓದಿ ಬರೆದುಕೊಂಡೆ. 60ರಲ್ಲಿ ಎರಡೂ ಒಂದೇ. 80ರಲ್ಲಿ ಗೇಜ್ ಎರಡು ಡಿಗ್ರಿ ಜಾಸ್ತಿ. ನೀರು ಕೊತಕೊತ ಕುದಿಯುವಾಗ ಮೂರು ಡಿಗ್ರಿ ಜಾಸ್ತಿ. ಈ ಚೀಟಿ ಇವತ್ತಿಗೂ ಗಾಡಿಯಲ್ಲಿದೆ. ಒಂದು ವಿಷಯ ನೆನಪಿರಲಿ: ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರ ಮಟ್ಟದಲ್ಲಿ. ಎತ್ತರ ಪ್ರತಿ 300 ಮೀಟರ್ ಹೆಚ್ಚಿದಂತೆ ಸುಮಾರು ಒಂದು ಡಿಗ್ರಿ ಕಡಿಮೆಯಾಗುತ್ತದೆ.

ಇನ್ನು ಬಲ್ಬ್ ಎಲ್ಲಿ ಕೂರಬೇಕು ಅನ್ನುವುದು. ಅದು ಥರ್ಮೋಸ್ಟಾಟ್‌ಗಿಂತ ಮುಂಚೆ, ಎಂಜಿನ್ನಿನ ಕಡೆಗೇ ಇರಬೇಕು. ಥರ್ಮೋಸ್ಟಾಟ್ ಅಂದರೆ ನೀರು ಸಾಕಷ್ಟು ಬಿಸಿಯಾದ ಮೇಲೆ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಹೆಡ್‌ನಿಂದ ಬರುವ ಬಿಸಿ ನೀರು ಅದಕ್ಕೆ ನೇರವಾಗಿ ತಾಗಬೇಕು. ರೇಡಿಯೇಟರಿನ ಕೆಳಗಿನ ಪೈಪಿನಲ್ಲಿ ಹಾಕಿದರೆ ತಣ್ಣಗಾದ ನೀರನ್ನು ಅಳೆದಂತಾಗುತ್ತದೆ, ಸುಮ್ನೆ ಸಮಾಧಾನಕ್ಕೆ ಅಷ್ಟೇ. ಎಷ್ಟೋ ಹಳೇ ಎಂಜಿನ್‌ಗಳಲ್ಲಿ ಹೆಡ್ ಮೇಲೆ ಅಥವಾ ಥರ್ಮೋಸ್ಟಾಟ್ ಮನೆಯ ಕೆಳಗೆ ಖಾಲಿ ತೂತಿಗೆ ಒಂದು ಪ್ಲಗ್ ಹಾಕಿರುತ್ತಾರೆ. ನನಗೆ ಅಂಥದ್ದೊಂದು ಸಿಕ್ಕಿತು. ಹಾಗಾಗಿ ಕೆಂಪು ದೀಪದ ಸೆನ್ಸರನ್ನು ಕಿತ್ತುಹಾಕಬೇಕಾಗಲಿಲ್ಲ. ಅದೂ ಇರಲಿ, ತೊಂದರೆಯಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕೆಲಸ ಶುರು ಮಾಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕೂಲೆಂಟನ್ನು (ಎಂಜಿನ್ ತಂಪಿಡುವ ನೀರು) ಪ್ಲಗ್‌ನ ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಸಾಕು. ಇಳಿಸಿದ್ದನ್ನು ತೆರೆದಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ.

ಹಳೇ ಪ್ಲಗ್ ಅಷ್ಟು ಸುಲಭಕ್ಕೆ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸ್ವಲ್ಪ ಬಿಚ್ಚುವ ಕಡೆಗೆ, ಸ್ವಲ್ಪ ಬಿಗಿಯುವ ಕಡೆಗೆ, ಹೀಗೆ ಆಡಿಸುತ್ತಾ ಆಡಿಸುತ್ತಾ ಬಂತು. ಒಂದೇ ಸಲ ಬಲ ಹಾಕಿದರೆ ಪ್ಲಗ್ ಮುರಿದು ತೂತಿನಲ್ಲೇ ಉಳಿಯುತ್ತದೆ. ಗೇಜ್ ಜೊತೆ ಬರುವ ಅಡಾಪ್ಟರ್‌ಗಳಲ್ಲಿ ಆ ತೂತಿನ ಥ್ರೆಡ್‌ಗೆ ಸರಿಹೊಂದುವುದನ್ನು ಮೊದಲು ಕೈಯಲ್ಲೇ ತಿರುಗಿಸಿ ನೋಡಿ. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ಆ ತೂತಿನದ್ದಲ್ಲ. ತೂತಿನ ಆಳವನ್ನೂ ಒಂದು ತಂತಿ ಇಳಿಸಿ ಅಳೆಯಿರಿ. ಬಲ್ಬಿನ ತುದಿ ಒಳಗಿನ ಗೋಡೆಗೆ ಗುದ್ದಬಾರದು. ಅಡಾಪ್ಟರ್ ಉದ್ದವಾಗಿ ಬಲ್ಬ್ ನೀರಿನಿಂದ ಹಿಂದೆ ಉಳಿಯಲೂಬಾರದು.

ಕೊಳವೆಯನ್ನು ಕತ್ತರಿಸುವಂತಿಲ್ಲ, ಮಡಿಸುವಂತಿಲ್ಲ. ಒಂದು ಸಲ ತುಂಡಾದರೆ ಗೇಜ್ ಸತ್ತಂತೆ. ಹಾಗಾಗಿ ಕ್ಯಾಬಿನ್ ಮತ್ತು ಎಂಜಿನ್ ನಡುವಿನ ತಗಡಿನಲ್ಲಿ ಬಲ್ಬ್, ಅದನ್ನು ಅಡಾಪ್ಟರಿಗೆ ಬಿಗಿಯುವ ನಟ್ ಎರಡೂ ತೂರುವಷ್ಟು ದೊಡ್ಡ ತೂತು ಬೇಕು. ಅದರ ಅಂಚಿಗೆ ಸೀಳಿದ ರಬ್ಬರ್ ಬುಷ್ ಹಾಕಿ, ಇಲ್ಲದಿದ್ದರೆ ಗಾಡಿಯ ನಡುಕಕ್ಕೆ ತಗಡೇ ಕೊಳವೆಯನ್ನು ಕೊಯ್ಯುತ್ತದೆ. ಉಳಿದ ಉದ್ದವನ್ನು ಅಂಗೈಯಷ್ಟು ಅಗಲದ ಸುರುಳಿ ಸುತ್ತಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ. ನಟ್ ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು: ಒಂದರಲ್ಲಿ ಅಡಾಪ್ಟರ್ ಹಿಡಿದುಕೊಳ್ಳಿ, ಇನ್ನೊಂದರಲ್ಲಿ ನಟ್ ತಿರುಗಿಸಿ. ನಟ್ ಜೊತೆ ಕೊಳವೆ ತಿರುಚಿಕೊಳ್ಳದಂತೆ ಕಣ್ಣಿಟ್ಟಿರಿ.

ಎಲೆಕ್ಟ್ರಿಕ್ ಗೇಜ್ ಹಾಕುವವರಿಗೆ ಮೂರು ಮಾತು. ಸೆನ್ಸರ್ ಮತ್ತು ಗೇಜ್ ಒಂದೇ ಜೋಡಿಯವಾಗಿರಲಿ, ಬೆರಸಿದರೆ ಸುಳ್ಳು ಹೇಳುತ್ತವೆ. ಒಂದೇ ವೈರಿನ ಸೆನ್ಸರ್ ಎಂಜಿನ್ ಬ್ಲಾಕ್ ಮೂಲಕವೇ ಅರ್ತ್ ಆಗುತ್ತದೆ, ಅದಕ್ಕೆ ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತಬೇಡಿ. ಕರೆಂಟನ್ನು ಇಗ್ನಿಷನ್ ಸ್ವಿಚ್ ಹಾಕಿದಾಗ ಮಾತ್ರ ಬರುವ ಲೈನಿನಿಂದ, ಫ್ಯೂಸ್ ಹಾಕಿ ತೆಗೆದುಕೊಳ್ಳಿ. ಹಿಂದಿನ ಕೋಣೆಯ ಲೈಟು, ಫ್ರಿಜ್‌ನ ಬ್ಯಾಟರಿಯಿಂದ ಬೇಡ. ತೀರಾ ಹಳೆಯ ಕೆಲವು ಗಾಡಿಗಳು 6 ವೋಲ್ಟಿನವು, ಕೆಲವಕ್ಕೆ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ). ಮೊದಲು ನೋಡಿಕೊಳ್ಳಿ.

ಗೇಜನ್ನು ಸ್ಟೀರಿಂಗ್ ಅಡ್ಡ ಬರದ ಕಡೆ ಹಾಕಿ. ನಾನು ಹಳೇ ಡ್ಯಾಶ್‌ಬೋರ್ಡಿಗೆ 52 ಮಿ.ಮೀ. ತೂತು ಕೊರೆಯಲು ಮನಸ್ಸಾಗದೆ ಕೆಳಗೊಂದು ಪಟ್ಟಿ ಕಟ್ಟಿ ಅದರಲ್ಲಿ ಕೂರಿಸಿದೆ.

ಕೂಲೆಂಟ್ ತುಂಬಿ, ಕ್ಯಾಬಿನ್ ಹೀಟರ್ ವಾಲ್ವ್ ಪೂರ್ತಿ ತೆರೆದು, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ. ಒಳಗಿನ ಗಾಳಿ ಗುಳುಗುಳು ಅಂತ ಹೊರಬರುತ್ತದೆ. ಬಲ್ಬಿನ ಜಾಗದಲ್ಲಿ ಗಾಳಿ ಉಳಿದರೆ ಮುಳ್ಳಿನ ಮಾತು ನಂಬುವಂತಿಲ್ಲ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಪೈಪ್ ಬಿಸಿಯಾಗುತ್ತದೆ, ನೀರಿನ ಮಟ್ಟ ಇಳಿಯುತ್ತದೆ. ಮತ್ತೆ ತುಂಬಿ ಮುಚ್ಚಿ.

ಈಗ ನಿಮ್ಮ ಗಾಡಿಯ ಮುಳ್ಳಿನ ಅಭ್ಯಾಸ ಕಲಿಯಬೇಕು. ನಮ್ಮದು ಸಮ ರಸ್ತೆಯಲ್ಲಿ 84, ಏರಿನಲ್ಲಿ 96. ನೂರು ದಾಟಿತು ಅಂತ ಗಾಬರಿ ಬೇಡ. ನಮ್ಮ ರೇಡಿಯೇಟರ್ ಮುಚ್ಚಳ 0.5 ಬಾರ್ ಒತ್ತಡದ್ದು, ಅದರಲ್ಲಿ ಬರೀ ನೀರೂ ಕುದಿಯುವುದು 111ರ ಹತ್ತಿರ. ಆದರೂ 102 ಬಂದರೆ ನಾನು ನಿಧಾನ ಮಾಡಿ, ಗೇರ್ ಇಳಿಸಿ, ಹೀಟರ್ ಪೂರ್ತಿ ಹಾಕಿ ಎಂಜಿನ್ನಿನ ಬಿಸಿಯನ್ನು ಕ್ಯಾಬಿನ್ನಿಗೆ ಎಳೆದುಕೊಳ್ಳುತ್ತೇನೆ. ಸೆಕೆಯಾಗುತ್ತದೆ, ಆದರೆ ಎಂಜಿನ್ ಉಳಿಯುತ್ತದೆ ಅಲ್ವಾ? ಏರಿದ್ದ ಮುಳ್ಳು ದಿಢೀರನೆ ಕೆಳಗೆ ಬಿದ್ದರೆ ಮಾತ್ರ ಯೋಚನೆಯೇ ಬೇಡ, ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

ಮೊದಲ ದೂರದ ಓಡಾಟ ಮುಗಿದು ಎಂಜಿನ್ ತಣ್ಣಗಾದ ಮೇಲೆ ನಟ್ ಸುತ್ತ ಬೆರಳಾಡಿಸಿ ನೋಡಿ. ನನ್ನ ಬೆರಳಿಗೆ ಒಂದು ಹನಿ ಹಸಿರು ಕೂಲೆಂಟ್ ಅಂಟಿತು. ಕಾಲು ಸುತ್ತು ಬಿಗಿದೆ, ನಿಂತಿತು.