ಉಳ್ಳಾಲದ ಕಪ್ಪು ಮರಳಿನ ಜೊತೆ ನನ್ನ ಅನುಭವ
ಮಳೆಗಾಲ ಮುಗಿಯುತ್ತಿದ್ದ ಒಂದು ಸೆಪ್ಟೆಂಬರ್‌ನಲ್ಲಿ ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ಉಳ್ಳಾಲದ ಕಡಲತೀರಕ್ಕೆ ಹೋದೆ. ಬಿಳಿ ಮರಳಿನ ಮೇಲೆ ಮೀಟರ್ ಸುಮ್ನಿತ್ತು. ಹತ್ತು ಹೆಜ್ಜೆ ಆಚೆ, ಅಲೆ ಕೊರೆದ ದಿಬ್ಬದ ಬುಡದಲ್ಲಿ ಒಂದು ಕಪ್ಪು ಪಟ್ಟಿ. ಅದರ ಮೇಲೆ ಹಿಡಿದದ್ದೇ ತಡ, ಮುಳ್ಳು ಸರ್ರನೆ ಏರಿತು.

ಕಪ್ಪು ಬಣ್ಣವೇ ವಿಕಿರಣ ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಆ ಮರಳನ್ನು ಅಂಗೈ ಮೇಲೆ ಹರಡಿ ಭೂತಗನ್ನಡಿ ಹಿಡಿದರೆ, ಕಪ್ಪು ಕಣಗಳಲ್ಲಿ ಹೆಚ್ಚಿನವು ಇಲ್ಮನೈಟ್ ಎಂಬ ಕಬ್ಬಿಣ-ಟೈಟೇನಿಯಂ ಖನಿಜ. ನಡುನಡುವೆ ಜೇನಿನ ಬಣ್ಣದ ಕಾಳುಗಳು ಮಿನುಗುತ್ತವೆ. ಅದೇ ಮೊನಜೈಟ್ ಖನಿಜ, ವಿಕಿರಣ ಸೂಸುವ ಥೋರಿಯಂ ಇರುವುದು ಅದರಲ್ಲಿ. ಸಾಮಾನ್ಯ ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರ, ಮೊನಜೈಟ್ ಸುಮಾರು ಐದು ಪಟ್ಟು. ಅಕ್ಕಿ ಜಾಲಿಸುವಾಗ ಕಲ್ಲು ತಳದಲ್ಲಿ ಉಳಿಯುತ್ತದಲ್ವಾ? ಮಳೆಗಾಲದ ಅಲೆಗಳು ಮಾಡುವುದೂ ಅದನ್ನೇ. ಹಗುರ ಮರಳನ್ನು ಎಳೆದೊಯ್ದು ಭಾರದ್ದನ್ನು ಬಿಟ್ಟುಹೋಗುತ್ತವೆ.

ರೇಡಿಯಂ, ಥೋರಿಯಂ ಎಷ್ಟಿದೆ ಅಂತ ಅಳೆಯಲು ಮಾದರಿಗಳನ್ನು 110 ಡಿಗ್ರಿಯಲ್ಲಿ ಒಣಗಿಸಿ, ಜರಡಿ ಹಿಡಿದು, ತೂಗಿ, ಡಬ್ಬಿಗೆ ತುಂಬಿ ಮುಚ್ಚಿಟ್ಟೆ. ಒಂದು ತಿಂಗಳು ಮುಟ್ಟುವ ಹಾಗಿಲ್ಲ. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಡಬ್ಬಿಯೊಳಗೇ ತುಂಬಿ, ಹುಟ್ಟುವುದೂ ಕ್ಷಯಿಸುವುದೂ ಒಂದು ಸಮಕ್ಕೆ ಬರಬೇಕು. ನಾವು ರೇಡಿಯಂ ಲೆಕ್ಕ ಹಾಕುವುದು ರೇಡಾನ್ ನಂತರ ಬರುವ ಬಿಸ್ಮತ್-214ರ ಗಾಮಾ ಕಿರಣದಿಂದ. ಮೊದಲ ಸಲ ನನ್ನ ಕೆಲವು ಡಬ್ಬಿಗಳಲ್ಲಿ ರೇಡಿಯಂ ತೀರಾ ಕಡಿಮೆ ಬಂತು, ಥೋರಿಯಂ ಮಾತ್ರ ಸರಿಯಾಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಮುಚ್ಚಳ ಸಡಿಲವಿತ್ತು! ರೇಡಾನ್ ಅರ್ಧವಾಗಲು 3.8 ದಿನ ಬೇಕು, ಸೋರಿಹೋಗಲು ಸಮಯ ಸಿಗುತ್ತದೆ. ಥೋರಿಯಂ ಕ್ಷಯಿಸುತ್ತಾ ಒಂದರಿಂದೊಂದು ಹುಟ್ಟುವ ಸರಣಿಯ ಅನಿಲ ಥೋರಾನ್ 56 ಸೆಕೆಂಡಿಗೇ ಅರ್ಧವಾಗುತ್ತದೆ, ಹೊರಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಅಂಚಿಗೆ ಟೇಪ್ ಸುತ್ತಿ ಮತ್ತೆ ತಿಂಗಳು ಕಾದೆ.

ಆಮೇಲೆ ಸೀಸದ ಗೂಡಿನೊಳಗಿನ ಗಾಮಾ ಕಿರಣಗಳನ್ನು ಶಕ್ತಿಯ ಪ್ರಕಾರ ಎಣಿಸುವ ಜರ್ಮೇನಿಯಂ ಡಿಟೆಕ್ಟರ್ ಮೇಲೆ ಒಂದೊಂದು ಡಬ್ಬಿಗೂ 60,000 ಸೆಕೆಂಡ್. ಕಪ್ಪು ಪಟ್ಟಿಯ ಡಬ್ಬಿ ಇಟ್ಟಾಗ 2,614 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಥೋರಿಯಂ ಸರಣಿಯ ಶಿಖರ ಗ್ರಾಫ್‌ನಲ್ಲಿ ಒಂಟಿಯಾಗಿ ಎದ್ದು ನಿಂತಿತು. ನೇತ್ರಾವತಿ ಅಳಿವೆಯ ಕೆಸರಿನಲ್ಲಿ ಅದು ತೀರಾ ಸಣ್ಣದು. ಅಣುಬಾಂಬ್ ಪರೀಕ್ಷೆ, ರಿಯಾಕ್ಟರ್ ಅಪಘಾತಗಳಿಂದ ಬರುವ ಸೀಸಿಯಂ-137 ಹುಡುಕುವವರು ಮಾತ್ರ ಕೆಸರನ್ನೇ ನೋಡಬೇಕು. ಅದು ಜೇಡಿಗೆ ಅಂಟಿಕೊಳ್ಳುವ ವಸ್ತು.

ಫೆಬ್ರವರಿಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋದೆ. ಪಟ್ಟಿ ಕಾಣಲಿಲ್ಲ, ಮೀಟರ್ ಕೂಡ ಸುಮ್ನಿತ್ತು. ಬೇಸಿಗೆಯ ಅಲೆಗಳು ಹೊಸ ಮರಳು ತಂದು ಹಾಕಿದ್ದವು. ಒಂದು ಮೊಳ ಅಗೆದೆ. ಕೆಳಗೆ ಕಪ್ಪು ಪಟ್ಟಿ ಹಾಗೇ ಇತ್ತು.